ಮೂರು ಮೈಕ್ರಾನಿನ ಹೆಮ್ಮೆ

ನಮ್ಮ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಪೊರೆ ಅಕ್ಕ ಎಂದರೆ ಗೊತ್ತಿಲ್ಲದವರಿಲ್ಲ. ಹುಟ್ಟಿದಾಗ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿದೆ. ರೋಗಿಯ ಮೈಯಿಂದ ತೆಗೆದ ಚೂರು ಮಾಂಸವನ್ನು ಮೇಣದಲ್ಲಿ ಹುದುಗಿಸಿ, ಆ ಮೇಣದ ಬಿಲ್ಲೆಯನ್ನು ಕೊಯ್ಯುವ ಯಂತ್ರಕ್ಕೆ ಸಿಕ್ಕಿಸಿ, ಚಕ್ರ ತಿರುಗಿಸಿ, ಗಾಜಿನ ಸ್ಲೈಡಿನ ಮೇಲೆ ಇಡುವಷ್ಟು ತೆಳುವಾಗಿ ಕೊಯ್ಯುವುದು ಅವಳ ಕೆಲಸ. ಬೇರೆಯವರು ಕೊಯ್ದದ್ದು ಈರುಳ್ಳಿ ಸಿಪ್ಪೆಯಾದರೆ ಇವಳು ಕೊಯ್ದದ್ದು ಈರುಳ್ಳಿಯ ಒಳಪೊರೆ. ಮೂರು ಮೈಕ್ರಾನ್, ಅಂದರೆ ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಮೂರು ಪಾಲು. ಅವಳ ಅಪ್ಪ ಕ್ಷೌರಿಕ. ಕತ್ತಿ ಮಸೆಯುವ ಸದ್ದಿಗೇ ದಿನಾ ಎದ್ದು ಬೆಳೆದವಳು, ಅಲಗಿನ ಮರ್ಮ ತನಗೆ ರಕ್ತದಲ್ಲೇ ಬಂದಿದೆ ಎಂದು ಹೇಳಿಕೊಳ್ಳುತ್ತಿದ್ದಳು. ಹೇಳಿಕೊಳ್ಳಲಿ ಬಿಡಿ, ಅಷ್ಟು ಚೆಂದವಾಗಿ ಕೊಯ್ಯುವ ಇನ್ನೊಬ್ಬರನ್ನು ನಾನಂತೂ ಕಂಡಿಲ್ಲ.

ನಾನು ಅವಳ ಪಕ್ಕದ ಮೇಜಿನಲ್ಲಿ ರಿಜಿಸ್ಟರು ಬರೆಯುವವಳು. ನನ್ನ ಬಾಯಿಗೆ ಹೆದರಿ ನನಗೆ ಪಟಾಕಿ ಎಂದು ಹೆಸರಿಟ್ಟಿದ್ದಾರೆ, ಅದರಿಂದ ನನಗೇನೂ ನಷ್ಟವಿಲ್ಲ. ಆದರೆ ಅಕ್ಕನ ಆ ಒಂದು ವಿಷಯವನ್ನು ಕ್ಯಾಂಟೀನಿನಲ್ಲಿ ಕೂತವರೆಲ್ಲ ಉಪ್ಪು ಖಾರ ಹಚ್ಚಿ ಹೇಳುತ್ತಾರಲ್ಲ, ಅದನ್ನು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಕಣ್ಣಾರೆ ಕಂಡವಳು ನಾನು. ನನ್ನ ಪಾಲಿನ ತಪ್ಪನ್ನೂ ಸೇರಿಸಿ ನಾನೇ ಹೇಳುತ್ತೇನೆ.

ಅಕ್ಕನ ಮನೆಯಲ್ಲಿ ಅವಳು ಮತ್ತು ಅವಳ ತಾಯಿ, ಇಬ್ಬರೇ. ತಾಯಿಗೆ ಇಪ್ಪತ್ತು ವರ್ಷದಿಂದ ಕೀಲುವಾತ. ಬೆರಳುಗಳೆಲ್ಲ ಒಂದೇ ಪಕ್ಕಕ್ಕೆ ವಾಲಿಕೊಂಡಿವೆ, ಗುಂಡಿ ಹಾಕಿಕೊಳ್ಳಲೂ ಆಗುವುದಿಲ್ಲ. ಬೆಳಿಗ್ಗೆ ತಾಯಿಗೆ ಗುಂಡಿ ಹಾಕಿ, ತಲೆ ಬಾಚಿ, ಲೋಟ ಎರಡೂ ಕೈಯಲ್ಲಿ ಹಿಡಿಸಿಯೇ ಇವಳು ಕೆಲಸಕ್ಕೆ ಹೊರಡುವುದು. ದೊಡ್ಡ ಡಾಕ್ಟರ ಸಂಶೋಧನೆಗೆ ಹೊಸ ಕೈ ಬೇಕಾದಾಗ ಇವಳೇ ಮುಂದೆ ಹೋಗಿ, ನನ್ನನ್ನು ಅದಕ್ಕೆ ಹಾಕಿ ಎಂದು ಕೇಳಿಕೊಂಡದ್ದು ಅದಕ್ಕೇ.

ಸಂಶೋಧನೆ ಏನೆಂದರೆ ಇದು. ಮೈಯಲ್ಲಿ ಒಂದು ಸೋಂಕು ವರ್ಷಗಟ್ಟಲೆ ವಾಸಿಯಾಗದೆ ಉಳಿದರೆ, ಅಥವಾ ಕೀಲುವಾತದ ಉರಿ ವರ್ಷಗಟ್ಟಲೆ ಆರದೆ ಹೋದರೆ, ಕೆಲವರಲ್ಲಿ ಒಂದು ಕೆಟ್ಟ ಪ್ರೋಟೀನು ಕಿಡ್ನಿಯಲ್ಲಿ ಹೋಗಿ ಕೂರುತ್ತದೆ. ಡಾಕ್ಟರು ಅದಕ್ಕೆ ಅಮಿಲಾಯ್ಡ್ ಎನ್ನುತ್ತಾರೆ, ನಾವು ಅಂಟು ಎನ್ನುತ್ತೇವೆ. ಅಂಟು ಕೂತ ಕಿಡ್ನಿ ಮೆಲ್ಲಗೆ ಕೈಕೊಡುತ್ತದೆ. ಯಾರಿಗೆ ಕೂರುತ್ತದೆ, ಎಷ್ಟು ವರ್ಷಕ್ಕೆ, ಮೊದಲೇ ಹಿಡಿದರೆ ಎಷ್ಟು ಉಳಿಸಬಹುದು, ಇದು ದೊಡ್ಡ ಡಾಕ್ಟರ ಪ್ರಶ್ನೆ. ಅಂಟನ್ನು ಹಿಡಿಯುವುದು ಒಂದು ಕೆಂಪು ಬಣ್ಣದಿಂದ. ಸ್ಲೈಡಿಗೆ ಆ ಬಣ್ಣ ಹಾಕಿ, ಕತ್ತಲೆ ಕೋಣೆಯಲ್ಲಿ ಮೈಕ್ರೋಸ್ಕೋಪಿನ ಒಂದು ವಿಶೇಷ ಬೆಳಕಿನಲ್ಲಿ ನೋಡಿದರೆ, ಅಂಟು ಇದ್ದ ಜಾಗ ಹಸಿರಾಗಿ ಹೊಳೆಯುತ್ತದೆ. ಹಸಿರು ಕಂಡರೆ ಇದೆ, ಕಾಣದಿದ್ದರೆ ಇಲ್ಲ.

ಮೊದಲು ಈ ಕೆಲಸ ಮಾಡುತ್ತಿದ್ದವರು ಅಕ್ಕನಿಗೆ ವಿದ್ಯೆ ಕಲಿಸಿದ ಮೇಷ್ಟ್ರು. ಅವರ ಕಾಲದಲ್ಲಿ ನಲವತ್ತು ಜನರಲ್ಲಿ ಒಂಬತ್ತು ಜನಕ್ಕೆ ಹಸಿರು ಕಂಡಿತ್ತು. ಅವರು ನಿವೃತ್ತರಾಗಿ ಅಕ್ಕನ ಕೈಗೆ ಬಂದ ಮೇಲೆ ಎಂಟು ತಿಂಗಳಲ್ಲಿ ಹನ್ನೊಂದು ಜನ. ಹನ್ನೊಂದಕ್ಕೆ ಹನ್ನೊಂದೂ ಇಲ್ಲ. ಒಂದರ ಕೆಳಗೊಂದು ಸೊನ್ನೆ ಬರೆದವಳು ನಾನು. ಬರೆಯುವಾಗ ಒಂದು ದಿನವಾದರೂ, ಇದೇನು ಇದ್ದಕ್ಕಿದ್ದಂತೆ ಎಲ್ಲರಿಗೂ ಶುಕ್ರದೆಸೆ ಎಂದು ಕೇಳಬೇಡವೇ? ಕೇಳಲಿಲ್ಲ. ಕಂಡಕಂಡವರ ಮೇಲೆ ಹಾರುವ ಬಾಯಿ, ಬೇಕಾದಾಗ ಬೀಗ ಹಾಕಿಕೊಂಡಿತ್ತು.

ಆ ಹನ್ನೊಂದರಲ್ಲಿ ಒಬ್ಬ ಬಡಗಿ. ಹದಿನಾರು ವರ್ಷದ ಹಿಂದೆ ಮರದ ದಿಮ್ಮಿ ಬಿದ್ದು ಬಲಗಾಲಿನ ಮೂಳೆ ಮುರಿದಿತ್ತು. ಮೂಳೆ ಕೂಡಿಕೊಂಡರೂ ಒಳಗೆ ಸೋಂಕು ಉಳಿದು, ಅಂದಿನಿಂದ ಮೊಣಕಾಲ ಕೆಳಗೊಂದು ತೂತಿನಿಂದ ಕೀವು ಬರುತ್ತಲೇ ಇತ್ತು. ನಾಲ್ಕು ಸಲ ಕೆರೆದು ತೆಗೆದರೂ ಹೋಗಿರಲಿಲ್ಲ. ಮೂತ್ರದಲ್ಲಿ ಪ್ರೋಟೀನು ಕಂಡಿದ್ದರಿಂದ ಸೂಜಿ ಹಾಕಿ ಕಿಡ್ನಿಯ ಎಳೆ ತೆಗೆದು ನಮಗೆ ಕಳಿಸಿದ್ದರು. ದೊಡ್ಡ ಡಾಕ್ಟರು ಅವನಿಗೆ ಮೊದಲೇ ಬಿಡಿಸಿ ಹೇಳಿದ್ದರು: ಅಂಟು ಇದ್ದರೆ ಸೋಂಕಿನ ಬೇರನ್ನೇ ತೆಗೆಯಬೇಕು, ಅಂದರೆ ಕಾಲು. ಇಲ್ಲದಿದ್ದರೆ ಕಾಲು ಇರಲಿ, ನೋಡೋಣ.

ಇಲ್ಲ ಎಂದು ಕಾಗದ ಟೈಪು ಮಾಡಿದವಳೂ ನಾನೇ. ಅವನು ಆ ಕಾಗದ ಹಿಡಿದು ಕುಂಟುತ್ತಲೇ ನೆಲಮಾಳಿಗೆಗೆ ಇಳಿದು ಬಂದ. "ನನ್ನ ಕಾಲು ಉಳಿಸಿದ ತಾಯಿ ಯಾರು, ಸ್ವಲ್ಪ ತೋರಿಸಿ" ಎಂದ. ಅಕ್ಕ ನಾಚಿಕೊಂಡು ಎದ್ದು ನಿಂತಳು. ಅವಳು ಕುಳ್ಳಿ, ಯಂತ್ರದ ಮುಂದಿನ ಎತ್ತರದ ಸ್ಟೂಲಿನಲ್ಲಿ ಕೂತರೆ ಕಾಲು ನೆಲಕ್ಕೆ ಎಟುಕುವುದಿಲ್ಲ, ತೂಗಾಡುತ್ತಿರುತ್ತದೆ. ಬಡಗಿಯ ಕಣ್ಣು ಅದನ್ನು ನೋಡಿಯೇ ಬಿಟ್ಟಿತ್ತು. ಹದಿನೈದು ದಿನಕ್ಕೆ ಕಾಲಿಡಲು ಒಂದು ಮಣೆ ಮಾಡಿ ತಂದ. ಒಂದೇ ಒಂದು ಮೊಳೆ ಇಲ್ಲ, ಎಲ್ಲ ಹೊಂದಿಸಿ ಕೂರಿಸಿದ್ದು, ಕೈಯಾಡಿಸಿದರೆ ರೇಷ್ಮೆ. "ಕಾಲಿಗೆ ಕಾಲು" ಎಂದು ನಕ್ಕ. ಅಕ್ಕ ಅಂದಿನಿಂದ ಚಪ್ಪಲಿ ಬಿಟ್ಟೇ ಅದರ ಮೇಲೆ ಪಾದ ಇಡುತ್ತಿದ್ದಳು.

ಇದಾಗಿ ಆರು ತಿಂಗಳು. ಒಂದು ಮಂಗಳವಾರ ಬೆಳಿಗ್ಗೆ ಕಂಟ್ರೋಲ್ ಸ್ಲೈಡುಗಳ ಡಬ್ಬಿ ಖಾಲಿಯಾಯಿತು. ಕಂಟ್ರೋಲ್ ಎಂದರೆ ಅಂಟು ಇದೆ ಎಂದು ಖಾತ್ರಿಯಾಗಿ ಗೊತ್ತಿರುವ ಹಳೆಯ ಮಾಂಸದ ಸ್ಲೈಡು. ರೋಗಿಯ ಸ್ಲೈಡಿಗೆ ಬಣ್ಣ ಹಾಕುವಾಗಲೆಲ್ಲ ಜೊತೆಗೆ ಇದಕ್ಕೂ ಹಾಕಬೇಕು. ಇದು ಹಸಿರಾದರೆ ಬಣ್ಣ ಸರಿಯಿದೆ, ಬೆಳಕು ಸರಿಯಿದೆ, ರೋಗಿಯ ಫಲಿತಾಂಶ ನಂಬಬಹುದು. ಮೇಷ್ಟ್ರು ಹೋಗುವ ಮುಂಚೆ ಇಂಥವನ್ನು ರಾಶಿ ಕೊಯ್ದಿಟ್ಟು ಹೋಗಿದ್ದರು. ಅವು ಒಂದು ಸಲವೂ ಕೈಕೊಟ್ಟಿರಲಿಲ್ಲ, ಪ್ರತಿ ಸಲವೂ ಹಚ್ಚಗೆ ಹೊಳೆದಿದ್ದವು.

ಅಕ್ಕ ಕಪಾಟಿನಿಂದ ಅದೇ ಕಂಟ್ರೋಲಿನ ಮೇಣದ ಬಿಲ್ಲೆ ತೆಗೆದು ಹೊಸದಾಗಿ ಕೊಯ್ದಳು, ಬಣ್ಣ ಹಾಕಿದಳು, ಕತ್ತಲೆ ಕೋಣೆಗೆ ಹೋದಳು. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಅವಳ ಮುಖ ಕಾಣಿಸಿತು.

"ಹಸಿರು ಬರ್ತಿಲ್ಲ ಕಣೇ."

"ಬಣ್ಣ ಹಳೇದಾಗಿರುತ್ತೆ. ಹೊಸದು ಕಲಸು" ಎಂದೆ.

ಹೊಸದು ಕಲಸಿದಳು. ಬರಲಿಲ್ಲ. ಬಲ್ಬು ಬದಲಾಯಿಸಿದಳು. ಬರಲಿಲ್ಲ. ಕೊನೆಗೆ ಮೇಷ್ಟ್ರು ಕೊಯ್ದದ್ದರಲ್ಲಿ ಹಿಂದೆಯೇ ಬಣ್ಣ ಹಾಕಿ ಎತ್ತಿಟ್ಟಿದ್ದ ಹಳೆಯ ಸ್ಲೈಡೊಂದನ್ನು ತಂದು ತನ್ನದರ ಪಕ್ಕದಲ್ಲಿ ಬಿಳಿ ಹಾಳೆಯ ಮೇಲೆ ಇಟ್ಟಳು. ಎರಡೂ ಒಂದೇ ಬಿಲ್ಲೆಯಿಂದ ಬಂದವು. ಮೇಷ್ಟ್ರದ್ದು ಇಟ್ಟಿಗೆಯ ಕೆಂಪು. ಅವಳದ್ದು ತೊಳೆದೂ ತೊಳೆದೂ ಮಾಸಿದ ಬಟ್ಟೆಯ ಹಾಗೆ, ಬಣ್ಣ ಇದ್ದೂ ಇಲ್ಲದ ಹಾಗೆ.

"ಮೇಷ್ಟ್ರದ್ದು ದಪ್ಪ ಇದೆ" ಎಂದಳು. ಹೇಳುತ್ತಿದ್ದಂತೆ ಅವಳ ಮುಖದ ರಕ್ತವೆಲ್ಲ ಇಳಿದುಹೋಯಿತು. ನಾನು ನೀರು ತರಲೇ ಎಂದೆ, ಅವಳಿಗೆ ಕೇಳಿಸಲೇ ಇಲ್ಲ.

ಎದ್ದು ಹೋಗಿ ಯಂತ್ರದಲ್ಲಿ ದಪ್ಪ ಹೊಂದಿಸುವ ತಿರುಗಣೆಯನ್ನು ಮೂರರಿಂದ ಹತ್ತಕ್ಕೆ ತಿರುಗಿಸಿದಳು. ಅದೇ ಬಿಲ್ಲೆ ಕೊಯ್ದಳು, ಅದೇ ಬಣ್ಣ ಹಾಕಿದಳು. ಈ ಸಲ ನನ್ನನ್ನೂ ಕತ್ತಲೆ ಕೋಣೆಗೆ ಎಳೆದುಕೊಂಡು ಹೋದಳು. ಹಸಿರು, ಎಳೆ ಎಲೆಯ ಹಸಿರು.

"ಈ ಅಂಟಿಗೆ ದಪ್ಪ ಬೇಕು ಅಂತ ಮೇಷ್ಟ್ರು ಹೇಳಿದ್ರು" ಎಂದಳು ಅಕ್ಕ. ಕತ್ತಲೆಯಲ್ಲಿ ದನಿ ಮಾತ್ರ. "ಇದಕ್ಕೆ ಸ್ವಲ್ಪ ದಪ್ಪ ಇರ್ಲಿ ಮಗಳೇ ಅಂದಿದ್ರು. ನಾನೇನು ಅಂದ್ಕೊಂಡೆ ಗೊತ್ತಾ? ಕೈ ನಡುಗುತ್ತೆ, ತೆಳ್ಳಗೆ ಕೊಯ್ಯೋಕೆ ಆಗಲ್ಲ, ಕುಣಿಯಲಾರದೆ ನೆಲ ಡೊಂಕು ಅಂತಿದ್ದಾರೆ ಅಂದ್ಕೊಂಡೆ. ಹ್ಞೂಂ ಅಂತ ತಲೆ ಆಡಿಸಿದೆ. ಅವರು ಆ ಕಡೆ ಹೋದ ಮೇಲೆ ನನ್ನ ಮೂರಕ್ಕೇ ಇಟ್ಕೊಂಡೆ."

ಆಗ ನನಗೂ ಅರ್ಥವಾಯಿತು. ಕಂಟ್ರೋಲ್ ಮೇಷ್ಟ್ರ ಕೈಯದ್ದು, ದಪ್ಪ, ಆದ್ದರಿಂದ ಪ್ರತಿ ಸಲವೂ ಹೊಳೆದಿದೆ. ರೋಗಿಯದ್ದು ಅಕ್ಕನ ಕೈಯದ್ದು, ತೆಳು, ಅಂಟು ಇದ್ದರೂ ಹೊಳೆಯುವಷ್ಟು ಮೈ ಅದಕ್ಕಿಲ್ಲ. ಹೊಳೆದದ್ದನ್ನು ನೋಡಿಕೊಂಡು ಹೊಳೆಯದ್ದನ್ನು ನಂಬಿದ್ದೆವು. ಹನ್ನೊಂದು ಸೊನ್ನೆ. ನಾಳೆ ಬೆಳಿಗ್ಗೆ ಹತ್ತೂವರೆಗೆ ಬಡಗಿಯ ಆರು ತಿಂಗಳ ತಪಾಸಣೆ ಎಂದು ನನ್ನ ರಿಜಿಸ್ಟರಿನಲ್ಲೇ ಇತ್ತು. ಅವನ ಮೂತ್ರದ ರಿಪೋರ್ಟು ಆಗಲೇ ಬಂದು ನನ್ನ ಮೇಜಿನ ಮೇಲೆ ಕೂತಿತ್ತು. ಪ್ರೋಟೀನು ಮೂರು ಪಟ್ಟಾಗಿತ್ತು.

ಈಗ ನನ್ನ ಹಲ್ಕಾತನ ಕೇಳಿ. "ಅಕ್ಕ, ಯಾರಿಗೂ ಹೇಳ್ಬೇಡ. ಸುಮ್ಮನೆ ಎಲ್ಲಾ ಮತ್ತೆ ಕೊಯ್ದು ನೋಡೋಣ. ಏನಾದ್ರೂ ಕಂಡ್ರೆ, ಈಗ ಹೊಸದಾಗಿ ಕಾಣಿಸ್ತು ಅಂತ ಹೇಳಿದ್ರಾಯ್ತು. ಹಾವೂ ಸಾಯುತ್ತೆ, ಕೋಲೂ ಮುರಿಯಲ್ಲ" ಎಂದೆ.

ಅವಳು ಬಾಗಿಲು ತೆರೆದಳು. ಬೆಳಕಿನಲ್ಲಿ ನನ್ನನ್ನೇ ನೋಡುತ್ತಾ, "ನಮ್ಮಮ್ಮನ ಸ್ಲೈಡಾಗಿದ್ರೆ ಹೀಗೇ ಹೇಳ್ತಿದ್ಯಾ?" ಎಂದಳು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಎರಡೂ ಸ್ಲೈಡನ್ನು ಕೈಯಲ್ಲಿ ಹಿಡಿದು ಅವಳು ಮೆಟ್ಟಿಲು ಹತ್ತಿದಳು, ನಾನು ಹಿಂದೆ ಹೋದೆ.

ದೊಡ್ಡ ಡಾಕ್ಟರು ಊಟದ ಡಬ್ಬಿ ಬಿಚ್ಚುತ್ತಿದ್ದರು. ಅಕ್ಕ ನಿಂತುಕೊಂಡೇ ಎಲ್ಲ ಹೇಳಿದಳು. ಅವರು ಡಬ್ಬಿ ಮುಚ್ಚಿದರು.

"ಎಂಟು ತಿಂಗಳು!" ಎಂದು ಗುಡುಗಿದರು. "ಹೋದ ವಾರ ಅಷ್ಟು ಡಾಕ್ಟರ ಮುಂದೆ ನಿಂತು, ಈ ತೊಂದರೆ ನಮ್ಮಲ್ಲಿ ಕಡಿಮೆ ಆಗ್ತಿದೆ ಅಂತ ಹೇಳಿ ಬಂದಿದ್ದೀನಮ್ಮ ನಾನು! ಇನ್ನು ಮೇಲೆ ಇದನ್ನು ಹುಡುಕೋದೇ ಬೇಡ ಅಂತ ಅವರೆಲ್ಲ ಕೈಬಿಟ್ರೆ?" ಮೇಜಿಗೆ ಗುದ್ದಿದರು. ಆಮೇಲೆ ಹಣೆ ಹಿಡಿದುಕೊಂಡು ಕೂತರು. "ಸ್ಲೈಡು ನೋಡಿ ಸಹಿ ಹಾಕಿದವನು ನಾನು. ಪೇಲವವಾಗಿದೆ ಅಂತ ನನಗೂ ಅನ್ನಿಸಿತ್ತು. ಕಂಟ್ರೋಲ್ ಚೆನ್ನಾಗಿದೆಯಲ್ಲ ಅಂತ ಸುಮ್ಮನಾದೆ." ತಲೆ ಎತ್ತಿ ಕೇಳಿದರು, "ಬಿಲ್ಲೆಗಳಲ್ಲಿ ಮಾಂಸ ಉಳಿದಿದೆಯಾ?"

"ಹತ್ತರಲ್ಲಿ ಬೇಕಾದಷ್ಟಿದೆ ಸರ್. ಬಡಗಿಯದ್ದರಲ್ಲಿ..." ಅಕ್ಕ ಕೈಯಲ್ಲಿದ್ದ ಸ್ಲೈಡುಗಳನ್ನು ಮೇಜಿನ ಮೇಲಿಟ್ಟಳು. "ಬೇರೆ ಪರೀಕ್ಷೆಗೆಲ್ಲ ಅದರಿಂದಲೇ ಕೊಯ್ದಿದ್ದೀನಿ. ಒಂದು ಕೊಯ್ತಕ್ಕೆ ಆಗಬಹುದು. ಎರಡು ಅನುಮಾನ."

"ಇನ್ನೊಂದ್ಸಲ ಸೂಜಿ ಹಾಕಕ್ಕಾಗಲ್ವಾ ಸರ್?" ಎಂದೆ ನಾನು.

"ಅವನ ಬಿಪಿ ನೋಡಿದ್ದೀಯಾ? ಈಗ ಚುಚ್ಚಿದ್ರೆ ರಕ್ತ ನಿಲ್ಲಲ್ಲ. ಹೊಟ್ಟೆಯ ಕೊಬ್ಬು ತೆಗೆದು ನೋಡಬಹುದು. ಅದರಲ್ಲಿ ಕಂಡ್ರೆ ಸರಿ, ಕಾಣದಿದ್ರೆ ಇಲ್ಲ ಅಂತ ಹೇಳೋ ಹಾಗಿಲ್ಲ. ಇಲ್ಲ ಅಂತ ಒಂದು ಸಲ ಹೇಳಿ ಆಗಿದೆ." ಎದ್ದು ನಿಂತರು. "ನಡಿಯಮ್ಮ. ಕೆಡಿಸಿದ ಕೈಯೇ ಸರಿಮಾಡ್ಬೇಕು."

ಬಡಗಿಯ ಬಿಲ್ಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಮೇಣದೊಳಗೆ ಒಂದು ಮಸುಕು ಗೆರೆ ಕಂಡೂ ಕಾಣದಂತಿತ್ತು, ಅಷ್ಟೇ. ಕಷ್ಟ ಏನೆಂದರೆ, ಒಮ್ಮೆ ಯಂತ್ರದಿಂದ ತೆಗೆದ ಬಿಲ್ಲೆಯನ್ನು ಮತ್ತೆ ಸಿಕ್ಕಿಸಿದಾಗ ಕೂದಲೆಳೆಯಷ್ಟು ಓರೆಯಾದರೂ ಮೊದಲ ಸುತ್ತಿಗೇ ಅಲಗು ಒಂದು ಮೂಲೆಯನ್ನು ಹೆರೆದುಬಿಡುತ್ತದೆ. ಉಳಿದದ್ದೇ ಒಂದು ಗೆರೆ, ಅದರ ಮೂಲೆ ಹೋದರೆ ಆಯಿತು, ಕಥೆ ಮುಗಿಯಿತು. ಅಕ್ಕ ಬಿಲ್ಲೆಯನ್ನು ಮಂಜುಗಡ್ಡೆಯ ಮೇಲೆ ಇಟ್ಟು ಗಟ್ಟಿ ಮಾಡಿದಳು. ಹೊಸ ಅಲಗು ಹಾಕಿದಳು. ನನಗೆ ಫ್ಯಾನು ಆರಿಸಲು ಹೇಳಿದಳು. ಸ್ಟೂಲು ಹತ್ತಿ ಪಾದವನ್ನು ಮಣೆಯ ಮೇಲೆ ಇಡಲು ಹೋದವಳು, ಏನನ್ನಿಸಿತೋ, ಕಾಲು ಹಿಂದಕ್ಕೆ ಎಳೆದುಕೊಂಡಳು. ಆಮೇಲೆ, "ಕಾಲು ಗಟ್ಟಿ ಇಲ್ದಿದ್ರೆ ಕೈ ನಿಲ್ಲಲ್ಲ" ಎಂದು ತನಗೆ ತಾನೇ ಹೇಳಿಕೊಂಡು ಇಟ್ಟಳು.

ಇಪ್ಪತ್ತು ನಿಮಿಷ ಬರೀ ಹೊಂದಿಸುವುದರಲ್ಲೇ ಹೋಯಿತು. ಅಲಗಿನ ಹಿಂದೆ ಪುಟ್ಟ ದೀಪ ಇಟ್ಟು, ಬಿಲ್ಲೆಗೂ ಅಲಗಿಗೂ ನಡುವೆ ಕಾಣುವ ಬೆಳಕಿನ ಗೆರೆ ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲ ಬರುವ ತನಕ ತಿರುಪು ತಿರುಗಿಸಿದಳು. ದೊಡ್ಡ ಡಾಕ್ಟರು ಗೋಡೆಗೆ ಒರಗಿ ನಿಂತಿದ್ದರು. ನಾನು ಉಗುರು ಕಚ್ಚಿ ಕಚ್ಚಿ ರಕ್ತ ಬರಿಸಿಕೊಂಡಿದ್ದೆ.

"ತಿರುಗಣೆ ಎಷ್ಟಿದೆ ಓದು" ಎಂದಳು.

"ಹತ್ತು."

"ಮತ್ತೆ ಓದು."

"ಹತ್ತು ಅಕ್ಕ, ಹತ್ತು!"

ಚಕ್ರ ಒಂದು ಸುತ್ತು ತಿರುಗಿತು. ಬರೀ ಮೇಣ. ಇನ್ನೊಂದು ಸುತ್ತು. ಮೇಣದಲ್ಲಿ ಅರ್ಧ ಗೆರೆ. ಅಕ್ಕ ನಿಲ್ಲಿಸಲಿಲ್ಲ. ಮೂರನೆಯ ಸುತ್ತಿಗೆ ಅಲಗಿನಿಂದ ಒಂದು ಪಟ್ಟಿ ಇಳಿಯಿತು, ಅದರ ನಡುವೆ ಪೂರ್ತಿ ಗೆರೆ. ಅವಳು ಅದನ್ನು ಕುಂಚದ ತುದಿಯಿಂದ ಎತ್ತಿ, ಬೆಚ್ಚನೆಯ ನೀರಿನ ಮೇಲೆ ತೇಲಿಬಿಟ್ಟು, ಸ್ಲೈಡು ಒಡ್ಡಿ ಹಿಡಿದಳು. ಬಿಲ್ಲೆಯಲ್ಲಿ ಉಳಿದದ್ದು ಮೇಣ ಮಾತ್ರ.

ಒಣಗಿಸಿ, ಬಣ್ಣ ಹಾಕಿ ಮುಗಿಸುವಷ್ಟರಲ್ಲಿ ನಾಲ್ಕು ಗಂಟೆ ದಾಟಿತ್ತು. ಮೂವರೂ ಕತ್ತಲೆ ಕೋಣೆಯಲ್ಲಿ ನಿಂತೆವು. ದೊಡ್ಡ ಡಾಕ್ಟರು ಕಣ್ಣಿಟ್ಟು ಸ್ಲೈಡನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸರಿಸಿ ನೋಡಿದರು. ಆಮೇಲೆ ಪಕ್ಕಕ್ಕೆ ಸರಿದು ಅಕ್ಕನಿಗೆ ಜಾಗ ಬಿಟ್ಟರು. ಅಕ್ಕ ನೋಡಿದಳು, ನಾನೂ ನೋಡಿದೆ. ಅಲ್ಲಲ್ಲಿ, ಸಣ್ಣ ಸಣ್ಣದಾಗಿ, ಹಸಿರು.

ಮಾರನೆಯ ದಿನ ಬಡಗಿ ಹೆಂಡತಿಯ ಜೊತೆ ಬಂದ. ಮುಖ ಊದಿಕೊಂಡಿತ್ತು. ನಾನೇ ಹೇಳುತ್ತೇನೆ ಎಂದು ಡಾಕ್ಟರು ಅಂದರೂ ಅಕ್ಕ ಕೇಳಲಿಲ್ಲ. ಅವನ ಎದುರು ಕುರ್ಚಿಯಲ್ಲಿ ಕೂತು, ಕೈ ಮಡಿಲಲ್ಲಿಟ್ಟುಕೊಂಡು ಹೇಳಿದಳು. "ಅಣ್ಣಾ, ಇಲ್ಲ ಅಂತ ಬರೆದು ಕೊಟ್ಟಿದ್ದು ತಪ್ಪು. ಇದೆ. ತೆಳ್ಳಗೆ ಕೊಯ್ದಿದ್ದು ನಾನು. ದಪ್ಪ ಕೊಯ್ಯಬೇಕು ಅಂತ ನನಗೆ ಹೇಳಿದ್ರು, ನಾನು ಕೇಳಲಿಲ್ಲ."

ಹೆಂಡತಿ ಎದ್ದು ನಿಂತಳು. "ಆರು ತಿಂಗಳು! ನಿಮ್ಮ ಹೆಸರು ಹೇಳಿ ಮನೇಲಿ ದೀಪ ಹಚ್ಚಿದ್ದೀನಲ್ಲ, ನಿಮ್ಮ ಕೈ ಸೇದಿಹೋಗ!" ಎಂದು ಕೂಗಿದಳು. ಅಕ್ಕ ತಲೆ ತಗ್ಗಿಸಲಿಲ್ಲ, ಅಳಲೂ ಇಲ್ಲ.

ಬಡಗಿ ಡಾಕ್ಟರನ್ನು ನೋಡಿದ. "ಆಗಲೇ ಗೊತ್ತಾಗಿದ್ರೆ ಕಾಲು ಉಳೀತಿತ್ತಾ?"

"ಇಲ್ಲ. ಕಾಲು ಆಗಲೂ ಹೋಗ್ತಿತ್ತು. ಕಿಡ್ನಿ ಇನ್ನೂ ಚೆನ್ನಾಗಿ ಉಳೀತಿತ್ತು. ಈಗಲೂ ಬೇಗ ಮಾಡಿದ್ರೆ ಇಷ್ಟನ್ನಾದ್ರೂ ಉಳಿಸಬಹುದು."

ಅವನು ತನ್ನ ಬಲಗಾಲನ್ನೇ ನೋಡುತ್ತಾ ಕೂತ. ಆಮೇಲೆ ಅಕ್ಕನಿಗೆ, ದನಿ ಏರಿಸದೆ, "ಆ ಮಣೆ ವಾಪಸ್ ಕೊಡಿ" ಎಂದ.

ಅಕ್ಕ ಒಳಗೆ ಹೋಗಿ ಮಣೆ ತಂದು, ಸೆರಗಿನಿಂದ ಒರೆಸಿ ಅವನ ಕೈಗೆ ಕೊಟ್ಟಳು. ಅಂದು ಸಂಜೆಯವರೆಗೂ ಉಳಿದ ಹತ್ತು ಬಿಲ್ಲೆ ಕೊಯ್ದಳು, ಕಾಲು ತೂಗಾಡಿಸಿಕೊಂಡು. ಇನ್ನಿಬ್ಬರಿಗೆ ಹಸಿರು ಕಂಡಿತು. ಆ ಇಬ್ಬರಿಗೂ ಅವಳೇ ಕರೆಮಾಡಿ ಹೇಳಿದಳು. ನಾನು ಸೊನ್ನೆಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿ ಪಕ್ಕದಲ್ಲಿ ಸಹಿ ಹಾಕಿದೆ. ದೊಡ್ಡ ಡಾಕ್ಟರು ಅದೇ ಡಾಕ್ಟರುಗಳಿಗೆಲ್ಲ ಪತ್ರ ಬರೆದು, ತಾವು ಹೇಳಿದ್ದು ತಪ್ಪು, ಏಕೆ ತಪ್ಪು ಎಂದು ತಿಳಿಸಿದರು. ಅಕ್ಕ ಮೇಷ್ಟ್ರ ಮನೆಗೂ ಹೋಗಿ ಬಂದಳು. ಅಲ್ಲಿ ಏನಾಯಿತು ಎಂದು ಇವತ್ತಿನವರೆಗೂ ಬಾಯಿಬಿಟ್ಟಿಲ್ಲ. ಅವಳ ತಾಯಿ ಮಾತ್ರ ನನ್ನ ಹತ್ತಿರ, "ರಾತ್ರಿ ಅನ್ನ ಮುಟ್ಟಲ್ಲ, ಬೆಳಿಗ್ಗೆ ನನ್ನ ಗುಂಡಿ ಎರಡೆರಡು ಸಲ ಮುಟ್ಟಿ ನೋಡ್ತಾಳೆ" ಎಂದರು.

ಬಡಗಿಯ ಕಾಲು ಮೊಣಕಾಲ ಮೇಲಿನಿಂದ ಹೋಯಿತು. ಮೂತ್ರದ ಪ್ರೋಟೀನು ತಿಂಗಳು ತಿಂಗಳಿಗೆ ಇಳಿಯಿತು. ಮೂರು ತಿಂಗಳಿಗೊಮ್ಮೆ ಊರುಗೋಲು ಊರಿಕೊಂಡು ಬರುತ್ತಿದ್ದ, ನನ್ನ ಹತ್ತಿರ ಸಹಿ ಹಾಕಿ ಹೋಗುತ್ತಿದ್ದ. ಒಳಕೋಣೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅವನು ಬರುವ ದಿನ ಅಕ್ಕ ಬಾಗಿಲು ಮುಂದೆ ಮಾಡಿಕೊಂಡು ಕೂರುತ್ತಿದ್ದಳು.

ವರ್ಷ ತುಂಬಿತು. ಸೋಂಕು ತೆಗೆದ ಮೇಲೆ ಅಂಟು ಏನಾಯಿತು ಎಂದು ತಿಳಿಯಲು ಹೊಟ್ಟೆಯ ಕೊಬ್ಬಿನಿಂದ ಒಂದು ಚೂರು ತೆಗೆಯಬೇಕು ಎಂಬುದು ಸಂಶೋಧನೆಯ ನಿಯಮ. ನಾನು ಒಪ್ಪಿಗೆ ಪತ್ರ ಮುಂದಿಟ್ಟು, ಅವನ ಮುಖ ನೋಡಲಾರದೆ, "ನಿಮ್ಮ ಸ್ಲೈಡು ಬೇಕಾದ್ರೆ ಹೊರಗಡೆ ಲ್ಯಾಬಿಗೆ ಕಳಿಸ್ತೀವಿ. ಡಾಕ್ಟ್ರು ಹೇಳಿದ್ದಾರೆ. ಇಲ್ಲಿ ಗುರುತು ಹಾಕಿ ಸಾಕು" ಎಂದೆ.

"ಹೊರಗಡೇನೇ ಕಳಿಸಿ" ಎಂದಳು ಅವನ ಹೆಂಡತಿ. "ಎಡವಿದ ಕಾಲೇ ಎಡವೋದು."

"ಒಂದೇ ಕಾಲಿರೋನ ಮುಂದೆ ಆ ಗಾದೆ ಹೇಳಬೇಡ್ವೇ" ಎಂದ ಅವನು. ಅವಳಿಗೆ ನಗು ಬಂತು, ಹಿಂದೆಯೇ ಕಣ್ಣಲ್ಲಿ ನೀರೂ ಬಂತು. ಅವನು ಪೆನ್ನು ತೆಗೆದುಕೊಂಡು ಸಹಿ ಹಾಕಿದ. "ನನ್ನ ಕಸುಬಲ್ಲಿ ಅಳತೆ ತಪ್ಪಿದ್ರೆ ಮುಚ್ಚಾಕೋಕೆ ಮರದ ಪುಡಿ ಇದೆ, ಅಂಟಿದೆ, ಬಣ್ಣ ಇದೆ. ನಾನೂ ಎಷ್ಟೋ ಮುಚ್ಚಿದ್ದೀನಿ. ಯಾರ ಮನೆ ಬಾಗಿಲಿಗೂ ಹೋಗಿ ಹೇಳಿದ್ದಿಲ್ಲ." ಗುರುತು ಹಾಕದೆ ಪತ್ರ ನನ್ನ ಕಡೆ ತಳ್ಳಿದ. "ಆಯಮ್ಮನೇ ಕೊಯ್ಲಿ."

ಆಮೇಲೆ ಹೆಂಡತಿಯ ಕೈಯಲ್ಲಿದ್ದ ಚೀಲ ತೆಗೆದುಕೊಂಡು ನನ್ನ ಮೇಜಿನ ಮೇಲೆ ಇಟ್ಟ. ಒಳಗೆ ಆ ಮಣೆ ಇತ್ತು.

ನಾನು ಮಣೆ ಎತ್ತಿಕೊಂಡು ಒಳಗೆ ಹೋದೆ. ಬಾಯಿ ಬರಲಿಲ್ಲ, ಪಟಾಕಿ ಎಂದು ಹೆಸರಿಟ್ಟವರು ಆಗ ನೋಡಬೇಕಿತ್ತು. ಸುಮ್ಮನೆ ಅವಳ ಕಾಲ ಕೆಳಗೆ ಇಟ್ಟೆ. ಅಕ್ಕ ಅದನ್ನು ನೋಡಿದಳು, ಬಾಗಿಲ ಕಡೆ ನೋಡಿದಳು. ಒಂದು ವರ್ಷದಿಂದ ತಡೆದಿಟ್ಟದ್ದೆಲ್ಲ ಒಮ್ಮೆಗೇ ಬಂತು. ಬಿಕ್ಕಿ ಬಿಕ್ಕಿ ಅತ್ತಳು. ನಾನು ಬೆನ್ನು ಸವರಿದೆ.

ಮೂರು ದಿನದ ಮೇಲೆ ಅವನ ಬಿಲ್ಲೆ ತಯಾರಾಯಿತು. ಅಕ್ಕ ಚಪ್ಪಲಿ ಬಿಟ್ಟು ಪಾದವನ್ನು ಮಣೆಯ ಮೇಲೆ ಇಟ್ಟಳು, ತಿರುಗಣೆ ತಿರುಗಿಸಿದಳು, ನನ್ನನ್ನು ಕರೆದಳು.

"ಎಷ್ಟಿದೆ ಓದು."

"ಹತ್ತು" ಎಂದೆ.

"ಮತ್ತೆ ಓದು."